ಟ್ರೈನರ್ ಮೇಲೆ 265 ವಾಟ್, ರೇಸಲ್ಲಿ ಮೂರನೇ ಲ್ಯಾಪ್‌ಗೇ ಡ್ರಾಪ್: ಯಾಕೆ ಹೀಗಾಗತ್ತೆ?

ಪ್ರಶ್ನೆ: ನಮಸ್ಕಾರ ಸರ್. ನಂಗೆ 39 ವರ್ಷ, ರಾಜಾಜಿನಗರದಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ, ತೂಕ 72 ಕೆ.ಜಿ. ಸೈಕ್ಲಿಂಗ್ ಶುರು ಮಾಡಿ ಮೂರು ವರ್ಷ ಆಯ್ತು. ಸೆಕೆಂಡ್ ಹ್ಯಾಂಡಲ್ಲಿ ಒಂದು ಸ್ಮಾರ್ಟ್ ಟ್ರೈನರ್ (ಮನೇಲೇ ಸೈಕಲ್ ನಿಲ್ಲಿಸಿ ತುಳಿಯೋ ಸಾಧನ) ತಗೊಂಡಿದೀನಿ, ಹಿಂದಿನ ಟೈರು ರೋಲರ್‌ಗೆ ಒತ್ತಿಕೊಳ್ಳೋ ಟೈಪು. ವಾರಕ್ಕೆ ಮೂರು ಬೆಳಿಗ್ಗೆ ಅದ್ರ ಮೇಲೆ ಆನ್‌ಲೈನ್ ರೇಸ್, ಶನಿವಾರ ಕ್ಲಬ್ ರೈಡು, ಭಾನುವಾರ ನಂದಿ ಬೆಟ್ಟ. ರ‍್ಯಾಂಪ್ ಟೆಸ್ಟಲ್ಲಿ ಎಫ್‌ಟಿಪಿ (ಹೆಚ್ಚುಕಮ್ಮಿ ಒಂದು ಗಂಟೆ ಹಿಡಿದಿಟ್ಟುಕೊಳ್ಳಬಹುದಾದ ಪವರ್ರು) 265 ವಾಟ್ ಬಂತು, ಆದ್ರೆ ನಂದಿ ಹತ್ತೋಕೆ 34 ನಿಮಿಷಕ್ಕಿಂತ ಕೆಳಗೆ ಬರ್ತಾನೇ ಇಲ್ಲ. ಕ್ಲಬ್ ರೇಸಲ್ಲಿ ಎರಡು ಸಲನೂ ಮೂರನೇ ಲ್ಯಾಪಲ್ಲಿ ಗುಂಪಿಂದ ಡ್ರಾಪ್ ಆದೆ. 220ರಲ್ಲಿ 39 ಕಳೆದ್ರೆ 181 ಅಲ್ವಾ, ರೇಸಲ್ಲಿ ನನ್ನ ಹಾರ್ಟ್ ರೇಟ್ 188 ಮುಟ್ಟಿದ್ದನ್ನ ನೋಡಿ ನನ್ನ ಹೆಂಡ್ತಿ ಸೈಕಲ್ ಮಾರಿಬಿಡಿ ಅಂತ ಕೂತಿದಾಳೆ. ವಾಚು ಬೇರೆ ಮೂರು ವಾರದಿಂದ ಟ್ರೇನಿಂಗ್ ಫಲ ಕೊಡ್ತಿಲ್ಲ ಅಂತ ತೋರಿಸ್ತಿದೆ. ಕ್ಲಬ್ಬಲ್ಲಿ ಒಬ್ರು ಕಾರ್ಬನ್ ವೀಲ್ ಹಾಕ್ಸು ಅಂತಾರೆ, ಇನ್ನೊಬ್ರು ಪವರ್ ಮೀಟರ್ (ತುಳಿಯೋ ವಾಟ್‌ನ ಸೈಕಲ್ ಮೇಲೇ ಅಳೆಯೋ ಸಾಧನ) ತಗೋ ಅಂತಾರೆ. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ. ಮುಂದಿನ ರೇಸ್‌ಗೆ ಏಳು ವಾರ ಇದೆ. ರೇಸ್ ಮತ್ತೆ ನಂದಿ ಫೈಲ್ ಎರಡೂ ಕಳ್ಸಿದೀನಿ, ನೋಡಿ ಹೇಳಿ.

ಉತ್ತರ: ನೀವು ಕೇಳಿರೋದು ವೀಲಾ ಮೀಟರಾ ಅಂತ, ಆದ್ರೆ ಇಡೀ ಪತ್ರ ಓದಿದ್ರೆ ನಿಮ್ಮನ್ನ ಕೊರೀತಿರೋದು ಬೇರೆ ಅನ್ಸತ್ತೆ, ಇಷ್ಟು ಬೆವರು ಸುರಿಸಿ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮಾಡ್ತಿದ್ರೂ ರೋಡಲ್ಲಿ ಯಾಕೆ ಕಾಣ್ತಿಲ್ಲ, ನನ್ನ ದೇಹದಲ್ಲೇ ಏನಾದ್ರೂ ಐಬಿದೆಯಾ ಅನ್ನೋ ಭಯ. ಐಬು ಇರೋ ಥರ ನಂಗೆ ಕಾಣಲ್ಲ. ಆದ್ರೂ ಮೊದ್ಲು ಹಾರ್ಟ್ ವಿಷ್ಯನೇ ಮುಗಿಸೋಣ, ಅದು ಮುಗೀದೆ ನಿಮ್ಮ ಮನೇಲಿ ಬೇರೆ ಮಾತು ಮುಂದಕ್ಕೆ ಹೋಗಲ್ಲ.

220 ಮೈನಸ್ ವಯಸ್ಸು ಅನ್ನೋ ಲೆಕ್ಕ 1970ರ ದಶಕದ ಶುರುವಲ್ಲಿ ಹಬ್ಬಿದ್ದು. ಅದು ಜನಸಮೂಹದ ಸರಾಸರಿಗೆ ಹಾಕಿದ ಒಂದು ಅಂದಾಜಿನ ಗೆರೆ, ಒಬ್ಬೊಬ್ಬರಿಗೆ ತಗೊಂಡ್ರೆ ಹತ್ತು ಹನ್ನೆರಡು ಬಡಿತ ಆಚೆಗೋ ಈಚೆಗೋ ಇರೋದು ತೀರಾ ಮಾಮೂಲಿ. 39 ವರ್ಷಕ್ಕೆ ಮ್ಯಾಕ್ಸ್ 172 ಇರೋರೂ ಇದಾರೆ, 195 ಇರೋರೂ ಇದಾರೆ, ಇಬ್ರೂ ಆರೋಗ್ಯವಾಗೇ ಇರ್ತಾರೆ. ಹಾಗಾಗಿ 188 ಅನ್ನೋ ಅಂಕಿ ಒಂದನ್ನೇ ಹಿಡ್ಕೊಂಡು ಹೆದರೋ ಕಾರಣ ಇಲ್ಲ. ಇನ್ನೊಂದು, ಅದನ್ನ ಅಳೆದಿದ್ದು ಕೈಗೆ ಕಟ್ಟೋ ವಾಚಾ, ಎದೆಗೆ ಕಟ್ಟೋ ಬೆಲ್ಟಾ ಅಂತ ನೀವು ಬರ್ದಿಲ್ಲ. ವಾಚು ಚರ್ಮದ ಕೆಳಗಿನ ರಕ್ತದ ಓಡಾಟವನ್ನ ಬೆಳಕಲ್ಲಿ ನೋಡತ್ತೆ, ಹ್ಯಾಂಡಲ್ ಬಿಗಿಯಾಗಿ ಹಿಡ್ದು ಗುಂಡಿ ರಸ್ತೇಲಿ ಹೋಗ್ವಾಗ ಆ ಅಲುಗಾಟಕ್ಕೆ ತಪ್ಪು ತೋರ್ಸೋದು ಜಾಸ್ತಿ.

ಆದ್ರೆ ನಿಮ್ಮ ಮನೆಯವರ ಭಯವನ್ನ ನಾನು ತಳ್ಳಿಹಾಕಲ್ಲ. 2021ರ ಅಕ್ಟೋಬರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದ್ಮೇಲೆ ಈ ಊರಲ್ಲಿ ವ್ಯಾಯಾಮ ಅಂದ್ರೇನೇ ಒಂದು ಅಳುಕು ಬಂದ್ಬಿಟ್ಟಿದೆ, ಅದಕ್ಕೆ ಸುಮ್ನೆ ಸಮಾಧಾನ ಹೇಳೋದಕ್ಕಿಂತ ಒಂದ್ಸಲ ಡಾಕ್ಟರ್ ಹತ್ರ ಹೋಗಿ ಬರೋದು ಒಳ್ಳೇದು. ಹೆಂಡ್ತೀನೂ ಕರ್ಕೊಂಡು ಹೋಗಿ, ಅವರ ಪ್ರಶ್ನೆ ಅವರೇ ಕೇಳ್ಲಿ. ಇಸಿಜಿ, ಬಿಪಿ, ಶುಗರ್, ಕೊಲೆಸ್ಟ್ರಾಲ್, ಡಾಕ್ಟರ್ ಬೇಕು ಅಂದ್ರೆ ಎಕೋ (ಹೃದಯದ ಸ್ಕ್ಯಾನ್) ಮತ್ತೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡೋ ಹೃದಯದ ಪರೀಕ್ಷೆ). ನಲವತ್ತರ ಹತ್ರ ಬಂದು ರೇಸ್ ಮಾಡೋರೆಲ್ಲ ಇದನ್ನ ಮಾಡ್ಸಿರ್ಬೇಕು ಅಂತ ನನ್ನ ಅಭಿಪ್ರಾಯ. ಟಿಎಂಟಿ ನಾರ್ಮಲ್ ಬಂದ್ರೆ ಎಲ್ಲಾ ಗ್ಯಾರಂಟಿ ಅಂತಲ್ಲ, ಅದನ್ನೂ ತಿಳ್ಕೊಂಡಿರಿ. ಎದೆ ಬಿಗಿದ ಹಾಗಾಗೋದು, ದವಡೆಗೋ ಎಡತೋಳಿಗೋ ನೋವು ಹರಿಯೋದು, ರೈಡ್ ಮಧ್ಯ ತಲೆ ತಿರುಗೋದು, ಎದೆ ಡವಡವ ತಾಳ ತಪ್ಪಿ ಹೊಡ್ಕೊಳ್ಳೋದು, ಮನೇಲಿ ಚಿಕ್ಕ ವಯಸ್ಸಲ್ಲಿ ಯಾರಿಗಾದ್ರೂ ಹಾರ್ಟ್ ಅಟ್ಯಾಕ್ ಆಗಿರೋದು, ಇದ್ರಲ್ಲಿ ಒಂದಿದ್ರೂ ತೋರಿಸೋ ತನಕ ಸೈಕಲ್ ಮುಟ್ಬೇಡಿ. ಹಾಗೇ ಜ್ವರ ಬಂದಾಗ. ಮಳೆಗಾಲದಲ್ಲಿ ಡೆಂಗ್ಯೂನೋ ವೈರಲ್ಲೋ ಬಂದು ನಾಲ್ಕು ದಿನಕ್ಕೆ ಎದ್ದು ಇಂಟರ್ವಲ್ (ಬಿಟ್ಟು ಬಿಟ್ಟು ಜೋರಾಗಿ ತುಳಿಯೋದು) ಹೊಡೆಯೋಕೆ ಹೋಗೋರನ್ನ ನೋಡಿದೀನಿ, ವೈರಸ್ಸಿಂದ ಹೃದಯದ ಸ್ನಾಯು ಊದಿಕೊಂಡಿದ್ರೆ ಆ ಹೊತ್ತಿನ ಶ್ರಮ ನಿಜಕ್ಕೂ ಅಪಾಯ.

ಈಗ 265ಕ್ಕೆ ಬರ್ತೀನಿ.

ನೀವು ಕಳ್ಸಿದ ನಂದಿ ಫೈಲಲ್ಲಿ ಬೆಟ್ಟದ ಬುಡದಿಂದ ಮೇಲಿನ ತನಕ 7.5 ಕಿ.ಮೀ., ಏರಿದ್ದು ಸುಮಾರು 420 ಮೀಟರ್, ಟೈಮು 34 ನಿಮಿಷ. ಏರು ಅನ್ನೋದು ತುಂಬಾ ಪ್ರಾಮಾಣಿಕವಾದ ತಕ್ಕಡಿ. ನೀವು 72, ಸೈಕಲ್ಲು ಬಾಟ್ಲಿ ಶೂ ಹೆಲ್ಮೆಟ್ ಎಲ್ಲಾ ಸೇರಿ ಒಂದು 12 ಅಂದ್ಕೊಳ್ಳಿ, ಒಟ್ಟು 84 ಕೆ.ಜಿ. ಅಷ್ಟು ತೂಕವನ್ನ 420 ಮೀಟರ್ ಮೇಲಕ್ಕೆ 2040 ಸೆಕೆಂಡಲ್ಲಿ ಎತ್ತೋಕೆ ಬೇಕಾಗೋದು 170 ವಾಟ್. ಟೈರ್ ಉರುಳೋಕೆ ಒಂದು 15, ಗಾಳಿಗೆ ಒಂದು 10, ಚೈನಲ್ಲಿ ಸೋರಿಹೋಗೋದು ಐದಾರು. ಎಲ್ಲಾ ಕೂಡಿದ್ರೆ 200ರ ಆಸುಪಾಸು. ಎಫ್‌ಟಿಪಿ ಅಂದ್ರೆ ಹೆಚ್ಚುಕಮ್ಮಿ ಒಂದು ಗಂಟೆ ಹಿಡಿದಿಟ್ಟುಕೊಳ್ಳಬಹುದಾದ ಪವರ್ರು, ಅಂದ್ಮೇಲೆ ನಿಜವಾಗ್ಲೂ 265 ಇರೋ ವ್ಯಕ್ತಿ 34 ನಿಮಿಷ ಜೀವ ಬಿಟ್ಟು ತುಳಿದು 200ರಲ್ಲಿ ನಿಲ್ಲಲ್ಲ. ಅಂತೋರು 26 ನಿಮಿಷದ ಹತ್ರ ಮೇಲೆ ಇರ್ತಾರೆ.

ಹಾಗಾದ್ರೆ ಆ 65 ವಾಟ್ ಎಲ್ಲೋಯ್ತು? ಒಂದೇ ಕಡೆ ಹೋಗಿಲ್ಲ, ಮೂರು ಕಡೆ ಹಂಚಿಕೊಂಡಿದೆ.

ದೊಡ್ಡ ಪಾಲು ಟ್ರೈನರ್ದು ಅಂತ ನನ್ನ ಅನುಮಾನ. ಟೈರ್ ಒತ್ತಿಕೊಳ್ಳೋ ಟ್ರೈನರಲ್ಲಿ ಅದು ನಿಮ್ಮ ಕಾಲಿನ ಬಲವನ್ನ ನೇರವಾಗಿ ಅಳೆಯಲ್ಲ, ರೋಲರ್ ಎಷ್ಟು ಸ್ಪೀಡಲ್ಲಿ ತಿರುಗ್ತಿದೆ, ಎಷ್ಟು ತಡೆ ಕೊಡ್ತಿದೀನಿ ಅನ್ನೋದ್ರಿಂದ ಲೆಕ್ಕ ಹಾಕತ್ತೆ. ಟೈರಲ್ಲಿ ಗಾಳಿ ಎಷ್ಟಿದೆ, ರೋಲರ್‌ನ ಎಷ್ಟು ಬಿಗಿ ಮಾಡಿದೀರ, ರಬ್ಬರ್ ಬಿಸಿ ಆಗಿದೆಯಾ ಇಲ್ವಾ, ಇವೆಲ್ಲ ಆ ಲೆಕ್ಕನ ಅಲ್ಲಾಡಿಸ್ತವೆ. ಅದಕ್ಕೇ ಅದ್ರಲ್ಲಿ ಸ್ಪಿನ್‌ಡೌನ್ ಅಂತ ಒಂದು ಕ್ಯಾಲಿಬ್ರೇಶನ್ ಇರತ್ತೆ, ಒಂದು ಸ್ಪೀಡ್ ತನಕ ತುಳಿದು ಕಾಲು ಬಿಟ್ರೆ ವೀಲು ನಿಲ್ಲೋಕೆ ಎಷ್ಟು ಹೊತ್ತು ತಗೊಳ್ಳತ್ತೆ ಅಂತ ಅದು ನೋಡ್ಕೊಳ್ಳತ್ತೆ. ಸೆಕೆಂಡ್ ಹ್ಯಾಂಡಲ್ಲಿ ತಗೊಂಡೋರು ಇದನ್ನ ಒಂದ್ಸಲನೂ ಮಾಡದೇ ವರ್ಷ ಕಳೆದಿರೋದನ್ನ ನಾನು ಬೇಕಾದಷ್ಟು ನೋಡಿದೀನಿ. ಸರಿಯಾಗಿ ಮಾಡದಿದ್ರೆ ಹತ್ತು ಪರ್ಸೆಂಟ್ ಜಾಸ್ತಿ ತೋರ್ಸೋದು ಏನೂ ದೊಡ್ಡ ವಿಷ್ಯ ಅಲ್ಲ. ಟೈರಿಗೆ ಪ್ರತಿ ಸಲ ಒಂದೇ ಪ್ರೆಶರ್ ಹಾಕಿ, ಹತ್ತು ನಿಮಿಷ ತುಳಿದು ಟೈರ್ ಬಿಸಿ ಆದ್ಮೇಲೆ ಸ್ಪಿನ್‌ಡೌನ್ ಮಾಡಿ, ಆಮೇಲೆ ವರ್ಕೌಟ್ ಶುರು ಮಾಡಿ. ತಣ್ಣಗಿರೋ ಟೈರಲ್ಲಿ ಮಾಡಿದ್ರೆ ಮಾಡಿದ್ದೂ ವೇಸ್ಟು.

ಎರಡನೇದು ರ‍್ಯಾಂಪ್ ಟೆಸ್ಟ್. ಅದ್ರಲ್ಲಿ ನಿಮಿಷ ನಿಮಿಷಕ್ಕೂ ವಾಟ್ ಏರ್ತಾ ಹೋಗತ್ತೆ, ಕೊನೇಲಿ ನೀವು ತಡ್ಕೊಂಡ ಒಂದು ನಿಮಿಷದ ಪವರಿಗೆ 75 ಪರ್ಸೆಂಟ್ ಹಾಕಿ ಎಫ್‌ಟಿಪಿ ಹೇಳ್ತಾರೆ. ಕೊನೇ ಎರಡು ನಿಮಿಷ ಹಲ್ಲು ಕಚ್ಚಿ ತುಳಿಯೋ ತಾಕತ್ತಿರೋರಿಗೆ ಇದು ಉಬ್ಬಿಸಿ ಹೇಳತ್ತೆ, ನಿಧಾನಕ್ಕೆ ಗಂಟೆಗಟ್ಲೆ ಹೋಗೋ ಜಾತಿಯವರಿಗೆ ಕಮ್ಮಿ ಹೇಳತ್ತೆ. ಇಪ್ಪತ್ತು ನಿಮಿಷದ ಟೆಸ್ಟ್ ಮಾಡಿ ಸರಾಸರಿಗೆ 95 ಪರ್ಸೆಂಟ್ ಹಾಕೋದು ಇನ್ನೊಂದು ದಾರಿ, ಅದೂ ಅಂದಾಜೇ, ಆದ್ರೆ ರೋಡಿಗೆ ಸ್ವಲ್ಪ ಹತ್ರ.

ಮೂರನೇದು, ನೀವು ನಂದಿ ಬುಡಕ್ಕೆ ತಲುಪೋ ಹೊತ್ತಿಗೇ ರಾಜಾಜಿನಗರದಿಂದ ಐವತ್ತು ಕಿ.ಮೀ. ತುಳಿದಿರ್ತೀರ, ಅದೂ ಹೆಬ್ಬಾಳ ದಾಟಿದ ಕೂಡ್ಲೇ ಏರ್‌ಪೋರ್ಟ್ ರೋಡಲ್ಲಿ ಯಾರದೋ ಹಿಂದೆ ಬಿದ್ದು ಜೋರಾಗಿ ಹೋಗಿರ್ತೀರ, ಫೈಲಲ್ಲಿ ಕಾಣ್ತಿದೆ, ಆ ಮುಕ್ಕಾಲು ಗಂಟೆ ಹಾರ್ಟ್ ರೇಟ್ 160ರ ಕೆಳಗೇ ಇಳಿದಿಲ್ಲ. ಅದೂ ಬೆಳಿಗ್ಗೆ ಒಂದು ಲೋಟ ಕಾಫಿ ಬಿಟ್ಟು ಬೇರೇನೂ ತಿಂದಿರಲ್ಲ ಅಂತ ಅಂದ್ಕೋತೀನಿ. ಹಾಗೆ ಸುಸ್ತಾದ ಕಾಲಲ್ಲಿ ಮತ್ತೆ ಖಾಲಿ ಹೊಟ್ಟೇಲಿ ಏಳೆಂಟು ಪರ್ಸೆಂಟ್ ಆರಾಮಾಗಿ ಹೋಗತ್ತೆ. ಈ ಮೂರನ್ನೂ ಒಂದ್ರ ಮೇಲೊಂದು ಕಳೀರಿ, 265 ಇಂದ 205, 210ಕ್ಕೆ ಬಂದು ನಿಲ್ಲತ್ತೆ. ತಾಜಾ ಕಾಲಲ್ಲಿ ನಿಮ್ಮ ನಿಜವಾದ ಎಫ್‌ಟಿಪಿ 215, 220 ಇರಬಹುದು ಅಂತ ನನ್ನ ಲೆಕ್ಕ. ಈ ಅಂಕಿ ಕೇಳಿ ಬೇಜಾರಾಗತ್ತೆ, ಗೊತ್ತು. ಆದ್ರೆ ನಿಮ್ಮ ಫಿಟ್ನೆಸ್ ಕಮ್ಮಿ ಆಗಿಲ್ಲ, ಕಾಲು ನಿನ್ನೆ ಇದ್ದ ಹಾಗೇ ಇದೆ, ಅದ್ರ ಮೇಲೆ ಅಂಟಿಸಿದ ಚೀಟಿ ಮಾತ್ರ ತಪ್ಪಿತ್ತು. ಮತ್ತೆ ಆ ತಪ್ಪು ಚೀಟಿ ನಂಬ್ಕೊಂಡು ರೇಸಲ್ಲಿ ಮುಂದೆ ನಿಂತು ಎಳೆಯೋಕೆ ಹೋಗಿದ್ದು ನಿಮಗೆ ತುಂಬಾ ದುಬಾರಿ ಬಿದ್ದಿದೆ.

ರೇಸ್ ಫೈಲ್ ನೋಡಿ. ಸರ್ವೀಸ್ ರೋಡಲ್ಲಿ ಆ ತುದಿ ಈ ತುದಿ ಯೂ-ಟರ್ನ್, ಮೂರನೇ ಲ್ಯಾಪ್ ಮಧ್ಯದ ಹೊತ್ತಿಗೆ ಐದು ಯೂ-ಟರ್ನ್ ಆಗಿರತ್ತೆ. ಪ್ರತಿ ಟರ್ನಲ್ಲೂ ನಿಮ್ಮ ಸ್ಪೀಡು 38, 39 ಇಂದ 17ಕ್ಕೆ ಇಳಿದಿದೆ, ಆಮೇಲೆ ಹನ್ನೆರಡೇ ಸೆಕೆಂಡಲ್ಲಿ ವಾಪಸ್ 40ಕ್ಕೆ ಏರಿದೆ. 17ಕ್ಕೆ ಇಳಿಯೋದು ಗುಂಪಿನ ಬಾಲದಲ್ಲಿ ಇರೋರು. ಮುಂದಿನ ಐದಾರು ಜನ 22ರಲ್ಲಿ ಟರ್ನ್ ಮಾಡ್ಕೊಂಡು ಆರಾಮಾಗಿ 38ಕ್ಕೆ ಬರ್ತಾರೆ, ಹಿಂದಿನೋರು ಒಬ್ಬರ ಹಿಂದೆ ಒಬ್ರು ಬ್ರೇಕ್ ಹಿಡ್ದು ನಿಂತ್ಕೊಂಡು, ಆಮೇಲೆ ಹೊರಟುಹೋಗಿರೋ ಮುಂದಿನೋರನ್ನ ಹಿಡಿಯೋಕೆ ಗುಂಪಿಗಿಂತ ಜೋರಾಗಿ ಓಡ್ಬೇಕು. ನಿಮ್ಮ ತೂಕಕ್ಕೆ ಲೆಕ್ಕ ಹಾಕಿದ್ರೆ ಮುಂದಿದ್ದೋರಿಗೆ ಅದು ಹದಿನೈದು ಸೆಕೆಂಡು 330 ವಾಟ್‌ನ ಕೆಲ್ಸ, ಹಿಂದಿದ್ದ ನಿಮಗೆ ಹನ್ನೆರಡು ಸೆಕೆಂಡು 450 ವಾಟ್, ಆಮೇಲೂ ಗ್ಯಾಪ್ ಮುಚ್ಚೋಕೆ ಇನ್ನೊಂದು ಅರ್ಧ ನಿಮಿಷ 280.

ನಮ್ಮ ಬೆಂಗಳೂರು ಮನೆಗಳ ನೀರಿನ ವ್ಯವಸ್ಥೆ ಥರ ಯೋಚ್ನೆ ಮಾಡಿ. ಎಫ್‌ಟಿಪಿ ಅಂದ್ರೆ ಸಂಪಿಂದ ಮೋಟ್ರು ಸಮನಾಗಿ ಎತ್ತಿಕೊಡೋ ನೀರು. ಅದಕ್ಕಿಂತ ಜಾಸ್ತಿ ಬೇಕಾದಾಗ ಮೇಲಿನ ಟ್ಯಾಂಕಿಂದ ಬರತ್ತೆ, ಅದು ಚಿಕ್ಕ ಟ್ಯಾಂಕು, ನಮ್ಮಂಥ ಹವ್ಯಾಸಿಗಳಲ್ಲಿ ಸಾಮಾನ್ಯವಾಗಿ 10ರಿಂದ 20 ಕಿಲೋಜೂಲ್. ಒಂದೊಂದು ಟರ್ನಲ್ಲಿ ನೀವು ಹೆಚ್ಚುಕಮ್ಮಿ ಐದು ಕಿಲೋಜೂಲ್ ಖರ್ಚು ಮಾಡಿದೀರ, ಮುಂದಿದ್ದೋರು ಎರಡಕ್ಕಿಂತ ಕಮ್ಮಿ. ಟ್ಯಾಂಕ್ ಮತ್ತೆ ತುಂಬ್ಬೇಕು ಅಂದ್ರೆ ಎಫ್‌ಟಿಪಿಗಿಂತ ಕೆಳಗೆ ತುಳಿಯೋಕೆ ಬಿಡುವು ಸಿಗ್ಬೇಕು. ಸಮತಟ್ಟು ರೋಡಲ್ಲಿ 38ರಲ್ಲಿ ಒಬ್ರೇ ಹೋಗೋಕೆ ನಿಮಗೆ 240, 250 ವಾಟ್ ಬೇಕು, ಯಾರದಾದ್ರೂ ಹಿಂದೆ ಸರಿಯಾಗಿ ಅಂಟ್ಕೊಂಡು ಕೂತ್ರೆ 170, 180 ಸಾಕು. ನಿಮ್ಮ ಎಫ್‌ಟಿಪಿ ಗೆರೆ 215, 220. ಅಂದ್ರೆ ಗುಂಪಿನೊಳಗೆ ಇದ್ರೆ ಟ್ಯಾಂಕು ತುಂಬ್ತಾ ಇರತ್ತೆ, ಎರಡು ಸೈಕಲ್ ಉದ್ದ ಗ್ಯಾಪ್ ಬಿಟ್ರೋ ಮುಂದೆ ಹೋಗಿ ಗಾಳಿ ತಿಂದ್ರೋ ಖಾಲಿ ಆಗ್ತಾ ಇರತ್ತೆ. ಎರಡನೇ ಲ್ಯಾಪಲ್ಲಿ ನೀವು ಮೂರು ನಿಮಿಷ ಮುಂದೆ ನಿಂತು ಎಳೆದಿದೀರ, ಸ್ಪೀಡು ಹಾರ್ಟ್ ರೇಟು ಎರಡೂ ಅದನ್ನೇ ಹೇಳ್ತಿವೆ. 265 ಇದೆ ಅಂತ ನಂಬಿದೋರು ಮಾಡೋದೇ ಅದನ್ನ. ಮುಂದಿನ ಟರ್ನ್ ಬಂದಾಗ ಟ್ಯಾಂಕಲ್ಲಿ ನೀರಿರ್ಲಿಲ್ಲ, ಅಷ್ಟೇ ನಡೆದಿದ್ದು.

ಇಲ್ಲಿ ದುಡ್ಡು ಬೇಡ, ಧೈರ್ಯ ಮತ್ತೆ ಅಭ್ಯಾಸ ಬೇಕು. ಟರ್ನ್‌ಗೆ 300 ಮೀಟರ್ ಮುಂಚೆನೇ ನಿಧಾನಕ್ಕೆ ಮೊದಲ ಎಂಟು ಹತ್ತು ಜನರೊಳಗೆ ಸೇರ್ಕೊಳ್ಳಿ, ಟರ್ನ್‌ಗೆ ಮುಂಚೆನೇ ಗೇರ್ ಇಳಿಸಿ, ಕಣ್ಣು ಟರ್ನಿನ ಆಚೆ ಕಡೆ ಇರ್ಲಿ. ಕ್ಲಬ್ಬಲ್ಲಿ ಇಬ್ಬರನ್ನ ಮೂವರನ್ನ ಕರ್ಕೊಂಡು ಹೆಸರಘಟ್ಟ ಕಡೆ ಯಾವ್ದಾದ್ರೂ ಖಾಲಿ ರೋಡಲ್ಲಿ, ಬೆಳಕು ಹರಿದ ಮೇಲೆ, ಹೆಲ್ಮೆಟ್ ಹಾಕ್ಕೊಂಡು ಹತ್ತು ಹನ್ನೆರಡು ಯೂ-ಟರ್ನ್ ಒಟ್ಟಿಗೆ ಮಾಡಿ. ಟ್ರೈನರ್ ಮೇಲೆ ಎಷ್ಟು ವರ್ಷ ಕೂತ್ರೂ ಇದು ಬರಲ್ಲ, ಪಕ್ಕದವರ ಮೊಣಕೈ ತಗುಲಿದಾಗ ಬ್ರೇಕ್ ಹಿಡೀದೆ ಇರೋದು ರೋಡಲ್ಲೇ ಕಲಿಯೋ ವಿದ್ಯೆ.

ಇನ್ನು ನಿಮ್ಮ ವಾರ. ಮೂರು ಆನ್‌ಲೈನ್ ರೇಸು, ಶನಿವಾರ ಕ್ಲಬ್ ರೈಡ್ ಅನ್ನೋ ಹೆಸರಲ್ಲಿ ನಾಲ್ಕನೇ ರೇಸು, ಭಾನುವಾರ ನಂದಿ ಟೈಮ್ ಟ್ರಯಲ್ (ಗಡಿಯಾರದ ಜೊತೆ ಪೈಪೋಟಿ). ಐದಕ್ಕೆ ಐದೂ ಅರೆಬರೆ ಜೋರು. ನಿಜವಾಗ್ಲೂ ಜೋರಾಗಿ ಮಾಡೋಕೆ ಕಾಲಲ್ಲಿ ಜೀವ ಇರಲ್ಲ, ನಿಜವಾಗ್ಲೂ ನಿಧಾನಕ್ಕೆ ಹೋಗೋಕೆ ಮನಸ್ಸು ಬರಲ್ಲ. ವಾಚು ಹೇಳ್ತಿರೋದು ಹೆಚ್ಚುಕಮ್ಮಿ ಇದನ್ನೇ. ಅದು ನಿಮ್ಮ ವಿಓಟೂ ಮ್ಯಾಕ್ಸ್‌ನ (ದೇಹ ಹೆಚ್ಚೆಂದ್ರೆ ಎಷ್ಟು ಆಕ್ಸಿಜನ್ ಬಳಸತ್ತೆ ಅನ್ನೋದನ್ನ) ಅಳೆಯಲ್ಲ, ಹಾರ್ಟ್ ರೇಟ್ ಮತ್ತೆ ವೇಗವೋ ಪವರೋ ನೋಡಿ ಊಹೆ ಮಾಡತ್ತೆ, ಅದಕ್ಕೆ ಹೋಗ್ತಿರೋ ಪವರ್ ಅಂಕಿನೇ ತಪ್ಪಿದ್ರೆ ಊಹೆನೂ ತಪ್ಪತ್ತೆ, ಸೆಖೆ ಜಾಸ್ತಿ ಇದ್ರೂ ತಪ್ಪತ್ತೆ. ಆದ್ರೆ ಮೂರು ವಾರ ಒಂದೇ ಮಾತು ಹೇಳ್ತಿದೆ ಅಂದಾಗ ನಾನಾದ್ರೆ ನಿದ್ದೆ ಎಷ್ಟು ಗಂಟೆ ಅಂತ ಕೇಳ್ತೀನಿ. ರಾತ್ರಿ ಹನ್ನೊಂದೂವರೆಗೆ ಆಫೀಸ್ ಕಾಲ್ ಮುಗ್ಸಿ ನಾಲ್ಕೂವರೆಗೆ ಏಳೋರಿಗೆ ಯಾವ ಟ್ರೇನಿಂಗೂ ಮೈಗೆ ಹತ್ತಲ್ಲ.

ಏಳು ವಾರ ಇದೆ ಅಲ್ವಾ, ವಾರಕ್ಕೆ ಎರಡೇ ದಿನ ಜೋರು. ಮಂಗಳವಾರ ಟ್ರೈನರ್ ಮೇಲೆ ಎಂಟು ನಿಮಿಷ ಜೋರಾಗಿ ತುಳಿಯೋದು ನಾಲ್ಕು ಸಲ, ಮಧ್ಯ ನಾಲ್ಕು ನಿಮಿಷ ಬಿಡುವು, ಕೊನೇದನ್ನೂ ಮೊದಲ್ನೇದರಷ್ಟೇ ಪವರಲ್ಲಿ ಮುಗಿಸೋಕೆ ಆಗೋ ಹಾಗೆ. ಶನಿವಾರ ಯೂ-ಟರ್ನ್ ಪ್ರಾಕ್ಟೀಸು ಮತ್ತೆ ಕ್ಲಬ್ಬು. ಗುರುವಾರ ಒಂದು ಗಂಟೆ, ಭಾನುವಾರ ಮೂರು ಮೂರೂವರೆ ಗಂಟೆ, ಎರಡೂ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡ್ತಾ ಹೋಗೋ ವೇಗದಲ್ಲಿ. ಉಸಿರು ಕಟ್ಟಿ ಒಂದೊಂದೇ ಪದ ಬರ್ತಿದ್ರೆ ಜೋರಾಯ್ತು ಅಂತ. ಉಳಿದ ದಿನ ಮಲ್ಕೊಳ್ಳಿ. ಭಾನುವಾರ ಹೊರಡೋಕೆ ಮುಂಚೆ ಏನಾದ್ರೂ ತಿನ್ನಿ, ದಾರೀಲಿ ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗ್ಬೇಕು, ಎರಡು ಪಚ್ಚಬಾಳೆಹಣ್ಣು ಅಂದ್ರೆ ಹೆಚ್ಚುಕಮ್ಮಿ ಅಷ್ಟಾಯ್ತು. ಟ್ರೈನರ್ ಮುಂದೆ ಒಂದು ಟೇಬಲ್ ಫ್ಯಾನ್ ಎದೆಗೆ ನೇರ ಬೀಸೋ ಹಾಗೆ ಇಡಿ, ಸೀಲಿಂಗ್ ಫ್ಯಾನ್ ಸಾಲಲ್ಲ. 200 ವಾಟ್ ಪೆಡಲ್‌ಗೆ ಕೊಡುವಾಗ ದೇಹ ಸುಮಾರು 700 ವಾಟ್ ಬಿಸಿ ಹೊರಗೆ ಹಾಕ್ತಿರತ್ತೆ, ಹೆಚ್ಚುಕಮ್ಮಿ ಒಂದು ಇಸ್ತ್ರಿ ಪೆಟ್ಟಿಗೆ. ಗಾಳಿ ಇಲ್ದೆ ಕೂತ್ರೆ ಅದೇ ವಾಟ್‌ಗೆ ಹಾರ್ಟ್ ರೇಟ್ ಹತ್ತು ಹದಿನೈದು ಜಾಸ್ತಿ ಓಡತ್ತೆ.

ಕೊನೆಗೆ ನೀವು ಕೇಳಿದ ಪ್ರಶ್ನೆ. ಕಾರ್ಬನ್ ವೀಲ್ ಈಗ ಬೇಡ. ನಲವತ್ತರ ಸ್ಪೀಡಲ್ಲಿ ಒಬ್ರೇ ಗಾಳಿಗೆ ಎದುರು ಹೋಗ್ವಾಗ ಅದು ಕೆಲವೇ ವಾಟ್ ಉಳ್ಸತ್ತೆ, ಗುಂಪಿನೊಳಗೆ ಇನ್ನೂ ಕಮ್ಮಿ. ಗಾಳಿಯ ತಡೆಯಲ್ಲಿ ಬಹುಪಾಲು ಸವಾರನ ಮೈಯದ್ದೇ, ಮೊಣಕೈ ಬಗ್ಗಿಸಿ ಇನ್ನಷ್ಟು ತಗ್ಗಿ ಕೂರೋಕೆ ಅಭ್ಯಾಸ ಮಾಡಿದ್ರೆ ಪುಕ್ಕಟೆ ಅದಕ್ಕಿಂತ ಜಾಸ್ತಿ ಸಿಗತ್ತೆ.

ಪವರ್ ಮೀಟರ್ ಒಳ್ಳೆ ಸಾಧನ, ನಂಗೆ ಅದ್ರ ಮೇಲೆ ಪ್ರೀತಿ ಇದೆ. 1986ರ ಸುಮಾರಿಗೆ ಜರ್ಮನಿಯ ಇಂಜಿನಿಯರ್ ಉಲ್ರಿಚ್ ಶೋಬೆರರ್ ಕ್ರ್ಯಾಂಕಿಗೆ (ಪೆಡಲ್ ಹಿಡ್ಕೊಂಡಿರೋ ತೋಳಿನ ಭಾಗ) ಸ್ಟ್ರೇನ್ ಗೇಜ್ ಅಂಟಿಸಿ ಲೋಹ ಎಷ್ಟು ಬಾಗತ್ತೆ ಅಂತ ಅಳೆದು ವಾಟ್ ತೆಗೆದ್ರು, ಇವತ್ತಿಗೂ ಮೂಲ ತತ್ವ ಅದೇ. ಆದ್ರೆ ಕಮ್ಮಿ ಬೆಲೇಗೆ ಸಿಗೋದು ಬಹುತೇಕ ಎಡಗಾಲಿಂದು ಮಾತ್ರ ಅಳೆದು ಅದನ್ನ ಎರಡರಿಂದ ಗುಣಿಸೋದು. ನಿಮ್ಮ ಎಡಗಾಲು 52, ಬಲಗಾಲು 48 ಹಾಕ್ತಿದ್ರೆ ಅಲ್ಲೇ ನಾಲ್ಕು ಪರ್ಸೆಂಟ್ ಜಾಸ್ತಿ ತೋರಿಸತ್ತೆ, ಸುಸ್ತಾದಾಗ ಆ ಅನುಪಾತನೂ ಬದಲಾಗಬಹುದು. ಪ್ರತಿ ರೈಡಿಗೆ ಮುಂಚೆ ಝೀರೋ ಮಾಡ್ಬೇಕು, ಮಳೇಲಿ ಬ್ಯಾಟರಿ ಮುಚ್ಚಳದೊಳಗೆ ನೀರು ಹೋಗದ ಹಾಗೆ ನೋಡ್ಕೋಬೇಕು. ಇಷ್ಟಾದ್ರೂ ಟ್ರೈನರ್ ಮೇಲೂ ನಂದೀಲೂ ರೇಸಲ್ಲೂ ಒಂದೇ ತಕ್ಕಡಿ ಸಿಗತ್ತಲ್ಲ, ಅದು ದೊಡ್ಡ ಲಾಭ. ನಂಗಿರೋ ಹೆದರಿಕೆ ಬೇರೆ, ಈಗ 265 ಹಿಂದೆ ಬಿದ್ದ ಹಾಗೇ ನಾಳೆ ಅದ್ರ ಅಂಕಿ ಹಿಂದೆ ಬಿದ್ದು ಮತ್ತೆ ಐದು ದಿನ ರೇಸ್ ಮಾಡ್ತೀರೇನೋ ಅಂತ.

ಕೋಚ್ ಇಟ್ಕೊಳ್ಳೋದು ಇನ್ನೊಂದು ದಾರಿ. ಒಳ್ಳೇವ್ರು ಸಿಕ್ರೆ ಮೀಟರಿಗಿಂತ ಜಾಸ್ತಿ ಉಪಯೋಗ, ಆದ್ರೆ ಎಲ್ಲರಿಗೂ ಒಂದೇ ಪ್ಲಾನ್ ಕಳ್ಸೋರೂ ಇದಾರೆ. ಮೊದಲ ಮಾತುಕತೇಲಿ ನಿಮ್ಮ ನಿದ್ದೆ, ಕೆಲ್ಸದ ಟೈಮು, ಹಳೇ ಗಾಯ ಕೇಳ್ದೆ ಎಫ್‌ಟಿಪಿ ಎಷ್ಟು ಅಂತ ಮಾತ್ರ ಕೇಳಿದ್ರೆ ಎದ್ದು ಬನ್ನಿ.

ನನ್ನ ಮಟ್ಟಿಗೆ ಈ ಏಳು ವಾರಕ್ಕೆ ನೀವು ತಗೋಬೇಕಾಗಿರೋದು ಎದೆಗೆ ಕಟ್ಟೋ ಹಾರ್ಟ್ ರೇಟ್ ಬೆಲ್ಟ್ ಒಂದೇ, ಅದೂ ಇಲ್ದಿದ್ರೆ ಮಾತ್ರ. ಮೀಟರ್ ದುಡ್ಡನ್ನ ಎತ್ತಿಡಿ. ಡಾಕ್ಟರ್ ಸರಿ ಅಂದ ಮೇಲೆ ಒಂದು ಭಾನುವಾರ ಸೈಕಲ್‌ನ ಕಾರಲ್ಲಿ ಹಾಕ್ಕೊಂಡು ನಂದಿ ಬುಡದ ತನಕ ಹೋಗಿ, ಹಿಂದಿನ ದಿನ ರೆಸ್ಟ್ ಮಾಡಿ, ಹೊಟ್ಟೆಗೆ ತಿಂದು, ಇಪ್ಪತ್ತು ನಿಮಿಷ ವಾರ್ಮಪ್ ಮಾಡಿ, ಒಂದ್ಸಲ ಸಮನಾಗಿ ತುಳಿದು ಹತ್ತಿ. ಅದೇ ವಾರ ಸ್ಪಿನ್‌ಡೌನ್ ಮಾಡಿದ ಟ್ರೈನರ್ ಮೇಲೆ ಇಪ್ಪತ್ತು ನಿಮಿಷದ ಟೆಸ್ಟ್ ಮಾಡಿ. ಎರಡೂ ಫೈಲ್ ಕಳ್ಸಿ, ಜೊತೆಗೆ ಅವತ್ತು ಸೈಕಲ್ಲು ಬಾಟ್ಲಿ ಎಲ್ಲಾ ಸೇರಿ ಎಷ್ಟು ತೂಕ ಇತ್ತು ಅಂತ ಮನೆ ತಕ್ಕಡೀಲಿ ನೋಡಿ ಬರೀರಿ.